ಹಾಲು ಒಪ್ಪಿಸಿದ ದಿನ

ಕರಿಯ ಬಟ್ಟೆಯ ಮೇಲೆ ಬಿಳಿಯ ರೇಷ್ಮೆ ದಾರದಿಂದ ನಾಲ್ಕು ಮೆಣಸಿನಕಾಯಿ ಬಿಡಿಸಿ, ಅಂಚಿನ ಸುತ್ತ ಹದಿನಾರು ಸಣ್ಣ ಕಮಾನು ಕಟ್ಟಿದರೆ ಚುಸ್ತ್ ಊರಿನ ಟೋಪಿಯಾಯಿತು. ಅನ್ಬರ್ ತನ್ನ ಏಳನೆಯ ವಯಸ್ಸಿನಿಂದ ಅದನ್ನೇ ಹೊಲಿಯುತ್ತಿದ್ದಳು. ಊರಿನ ಗಂಡಸರ ತಲೆಗಳಲ್ಲಿ ಅರ್ಧಕ್ಕರ್ಧ ಅವಳ ಟೋಪಿ ಹೊತ್ತು ತಿರುಗುತ್ತಿದ್ದವು. ಆ ತಲೆಗಳಲ್ಲಿ ಒಂದಾದರೂ ಅವಳ ಮುಖ ಕಂಡಿರಲಿಲ್ಲ.

ವಸಂತ ಮುಗಿಯುತ್ತ ಬಂದಿತ್ತು. ಒಳಂಗಳದ ಹಿಪ್ಪುನೇರಳೆ ಮರದಿಂದ ಹಣ್ಣು ಉದುರಿ ನೆಲವೆಲ್ಲ ಅಂಟಾಗಿತ್ತು. ಮಗ ಸೋಬಿರ್ ಅಂಗಾಲಿಗೆ ಹತ್ತಿದ ಹಣ್ಣನ್ನು ಕಲ್ಲಿಗೆ ಉಜ್ಜಿಕೊಂಡು, ದೊಡ್ಡಪ್ಪನ ಚಾಕು ಕುಲುಮೆಗೆ ಹೊರಟಿದ್ದ.

"ಚಹಾ ಕುಡಿದು ಹೋಗೋ."

"ಚಹಾದಂಗಡೀಲಿ ಕುಡೀತೀನಿ ಆಯಿ."

"ನಿನ್ನೇನೂ ಹಂಗೇ ಅಂದೆ. ಸಂಜೆ ಒಣಗಿದ ತುಟಿ ಇಟ್ಕೊಂಡು ಬಂದೆ. ನಂಗೆ ಗೊತ್ತಾಗಲ್ವಾ?"

ಸೋಬಿರ್ ಬಾಗಿಲ ಚೌಕಟ್ಟು ಹಿಡಿದು ನಿಂತ. ಇಪ್ಪತ್ತೆರಡು ವರ್ಷದ ಹುಡುಗ. ಮೀಸೆ ಈಗಷ್ಟೇ ದಪ್ಪವಾಗುತ್ತಿತ್ತು.

"ಬಟ್ಟಲು ನನ್ನನ್ನ ದಾಟಿ ಹೋಗುತ್ತೆ ಆಯಿ. ಆ ಕಡೆಯವನು ಕುಡೀತಾನೆ, ಈ ಕಡೆಯವನಿಗೆ ಕೊಡ್ತಾರೆ. ನಾನು ನಡುವೆ ಕೂತಿರ್ತೀನಿ. ನಿನ್ನೆ ಆ ಕ್ಷೌರದವನು ಕೇಳ್ತಾನೆ, ನಿನ್ನ ತಂಗಿ ಈ ವಾರ ಯಾರ ಹೆಂಡತಿ ಅಂತೆ ಸೋಬಿರ್? ಕೋಪ ಮಾಡ್ಕೋಬೇಡಪ್ಪ, ನಾಟಕದಲ್ಲಿ ಅಂದೆ ಕಣೋ ಅಂತ. ಎಲ್ಲರೂ ನಕ್ಕರು."

"ನೀನೇನು ಮಾಡ್ದೆ?"

"ನಾನೂ ನಕ್ಕೆ."

ಅವನು ಹೋದ ಮೇಲೆ ಅನ್ಬರಳ ಸೂಜಿ ಬಹಳ ಹೊತ್ತು ಬಟ್ಟೆಯೊಳಗೆ ಹಾಗೇ ನಿಂತಿತ್ತು. ಮಗನ ನಿಶ್ಚಿತಾರ್ಥವೂ ಚಳಿಗಾಲದಿಂದ ನಿಂತುಹೋಗಿತ್ತು. ಹುಡುಗಿಯ ಕಡೆಯವರು ಕಾರಣ ಹೇಳಿರಲಿಲ್ಲ, ಕಳಿಸಿದ್ದ ಸಿಹಿಯನ್ನು ಹಿಂದಕ್ಕೆ ಕಳಿಸಿದ್ದರು, ಅಷ್ಟೆ. ಈಗ ನಾಟಕದ ತಂಡ ಊರಿಗೆ ಬರುವ ಸುದ್ದಿ ಗೋಡೆಗಳ ಮೇಲೆ ಅಂಟಿತ್ತು. ಆ ಕಾಗದದಲ್ಲಿ ಅವಳ ಮಗಳು ಬಷೋರತ್‌ಳ ಹೆಸರಿತ್ತು.

ಮೂರು ವರ್ಷದ ಹಿಂದೆ ಬಷೋರತ್‌ಗೆ ಹದಿನೈದು. ಅವಳ ದೊಡ್ಡಪ್ಪ ಮಿರ್ಸಾಲಿ, ಐವತ್ತು ದಾಟಿದ ಧಾನ್ಯದ ವ್ಯಾಪಾರಿಯೊಬ್ಬನಿಗೆ ಮೂರನೆಯ ಹೆಂಡತಿಯಾಗಿ ಅವಳನ್ನು ಮಾತಾಡಿ ಬಂದಿದ್ದ. ಹುಡುಗಿ ಒಂದು ಬೆಳಿಗ್ಗೆ, ತಲೆಯಿಂದ ಪಾದದವರೆಗೆ ಪರಂಜಿ ಹೊದ್ದು, ಮುಖದ ಮೇಲೆ ಕುದುರೆಯ ಬಾಲದ ಕೂದಲಿನ ಜಾಲರಿ ಇಳಿಬಿಟ್ಟು, ಉಳಿದ ಹೆಂಗಸರ ಹಾಗೇ ಸಂತೆಗೆ ಹೋಗುವವಳಂತೆ ಹೋದಳು. ಕ್ರಾಂತಿಯಾದ ಮೇಲೆ ಬಂದ ಹೊಸ ಸರ್ಕಾರದವರು ನಡೆಸುವ ಹೆಂಗಸರ ಸಂಘಕ್ಕೆ ಹೊಕ್ಕಳು. ಅಲ್ಲಿಂದ ಸಮರ್ಖಂಡ್‌ಗೆ, ನಾಟಕ ಕಲಿಸುವ ಶಾಲೆಗೆ. ಆ ಚಳಿಗಾಲದಲ್ಲೇ ಅವಳ ತಂದೆ ಎದೆನೋವಿನಿಂದ ತೀರಿಕೊಂಡ. ಮಗಳೇ ಕೊಂದಳು ಎಂದು ಕೇರಿ ತೀರ್ಪು ಕೊಟ್ಟಿತು.

ಸತ್ತವನನ್ನು ಕೇಳಿದ್ದರೆ ಏನೆನ್ನುತ್ತಿದ್ದನೋ. ಏಕೆಂದರೆ ಹದಿನಾಲ್ಕು ವರ್ಷದ ಕೆಳಗೆ, ಇನ್ನೂ ಚಕ್ರವರ್ತಿಯ ಕಾಲದಲ್ಲಿ, ಈ ಊರಿಗೆ ಮೊಟ್ಟಮೊದಲ ನಾಟಕ ಬಂದಾಗ ಅವನು ಹೋಗಿದ್ದ. ಹೊಸ ಬಗೆಯ ಶಾಲೆ ತೆರೆದಿದ್ದ ನಾಲ್ಕಾರು ಯುವಕ ಮೇಷ್ಟ್ರುಗಳು ಹತ್ತಿಯ ಗೋದಾಮಿನಲ್ಲಿ ಮೂಟೆ ಸರಿಸಿ, ಕಂಬಳಿಯ ಪರದೆ ಕಟ್ಟಿ ಆಡಿದ್ದರು. ತೆರದ ಹಣಕ್ಕೆ ಮಾರಾಟವಾಗಿ ಸಾಯುವ ಹುಡುಗಿಯ ಕಥೆ. ಹುಡುಗಿಯ ಪಾತ್ರ ಮಾಡಿದವನು ಗಂಡಸು. ಇಡೀ ಗೋದಾಮು ಬಿಕ್ಕಿ ಬಿಕ್ಕಿ ಅತ್ತಿತ್ತು. ಮಿರ್ಸಾಲಿಯೂ ತೋಳಿಗೆ ಕಣ್ಣೊರೆಸಿಕೊಂಡಿದ್ದ. ಗಂಡ ಮನೆಗೆ ಬಂದು, ಮಲಗಿದ್ದ ನಾಲ್ಕು ವರ್ಷದ ಬಷೋರತ್‌ಳ ಕೆನ್ನೆ ಮುಟ್ಟಿ, "ಇವಳನ್ನ ಹಂಗೆ ಕೊಡಲ್ಲ ಕಣೇ" ಎಂದಿದ್ದ. ಅವಳಿಗೆ ಹದಿನೈದು ವರ್ಷವಾಗುವ ಹೊತ್ತಿಗೆ ಅಣ್ಣನ ಎದುರು ಆ ಮಾತು ಅವನ ಗಂಟಲಲ್ಲೇ ಉಳಿಯಿತು. ಅಳುವುದಕ್ಕೆ ಧೈರ್ಯ ಬೇಕಿಲ್ಲ. ಎದ್ದು ನಿಂತು ಬೇಡ ಎನ್ನುವುದಕ್ಕೆ ಬೇಕು. ಅಂಥ ಊರುಗಳಲ್ಲಿ ಮೊದಲನೆಯದನ್ನು ಮಾಡುವ ಗಂಡಸರು ಗೋದಾಮು ತುಂಬ ಇದ್ದರು.

ತಂಡ ಬಂದ ಮರುದಿನ ಅನ್ಬರಳ ಮನೆಗೆ ಟೋಪಿ ಕೊಳ್ಳಲು ಒಬ್ಬ ಹೆಂಗಸು ಬಂದಳು. ಪರಂಜಿಯ ಸೆರಗು ನೆಲ ಗುಡಿಸುತ್ತಿತ್ತು. ನಡಿಗೆ ಮೃದು, ದನಿ ಸಣ್ಣಗೆ.

"ಮಗನಿಗೆ ಒಂದು ಟೋಪಿ ಬೇಕಿತ್ತು ಅಕ್ಕಾ. ಒಳಗೆ ಬರಲಾ? ಬಿಸಿಲು."

ಅನ್ಬರ್ ಜಗಲಿಗೆ ಕರೆದು ಕೂರಿಸಿದಳು. ಬಂದವಳು ಸುತ್ತ ಒಮ್ಮೆ ನೋಡಿ, ಮುಖದ ಜಾಲರಿಯನ್ನು ಮೇಲಕ್ಕೆತ್ತಿದಳು. ಒಳಗೆ ಇದ್ದದ್ದು ಐವತ್ತರ ಗಂಡಸು. ನುಣ್ಣಗೆ ಬೋಳಿಸಿದ ಕೆನ್ನೆ, ಬಾಯಲ್ಲಿ ಒಂದು ಬೆಳ್ಳಿ ಹಲ್ಲು.

ಅನ್ಬರ್ ಕೈಲಿದ್ದ ಟೋಪಿಯನ್ನೇ ಮುಖಕ್ಕೆ ಅಡ್ಡ ಹಿಡಿದಳು.

"ಕೂಗಬೇಡಿ ತಾಯಿ. ಕೂಗಿದ್ರೆ ನಿಮಗೂ ಕಷ್ಟ, ನನ್ನನ್ನಂತೂ ಇಲ್ಲೇ ಹೂಳ್ತಾರೆ. ನಾನು ಹೋಶಿಮ್. ತಂಡದವನು. ಹತ್ತು ವರ್ಷಕ್ಕೂ ಮೇಲೆ ಹೆಣ್ಣಾಗಿ ಹೊಟ್ಟೆ ಹೊರೆದಿದೀನಿ. ಈ ಬಟ್ಟೆ ನಿಮಗಿಂತ ನನಗೇ ಜಾಸ್ತಿ ಅಭ್ಯಾಸ."

"ಎದ್ದು ಹೋಗಿ."

"ಬಷೋರತ್ ಕಳಿಸಿದಾಳೆ."

ಟೋಪಿ ಒಂದಿಷ್ಟು ಕೆಳಗಿಳಿಯಿತು.

"ಅವಳು... ಊಟ ಮಾಡ್ತಾಳಾ?"

"ಮಾಡ್ತಾಳೆ ತಾಯಿ. ನನ್ನ ಪಾಲೂ ಅವಳೇ ತಿಂತಾಳೆ."

"ಕೂದಲು?"

ಹೋಶಿಮ್ ಕೈಯಿಂದ ಹೆಗಲು ತೋರಿಸಿದ. "ಹೆಗಲವರೆಗೆ ಇದೆ. ಬೆಳೆಯುತ್ತೆ ಬಿಡಿ."

ಅನ್ಬರ್ ಕಣ್ಣು ಮುಚ್ಚಿಕೊಂಡಳು. ಮಗಳ ಕೂದಲನ್ನು ನಲವತ್ತು ಸಣ್ಣ ಜಡೆಯಾಗಿ ಹೆಣೆಯಲು ಅವಳಿಗೆ ಒಂದು ಬೆಳಗು ಪೂರ್ತಿ ಹಿಡಿಯುತ್ತಿತ್ತು.

"ಆ ಗೋದಾಮಿನ ನಾಟಕದಲ್ಲಿ ಮದುಮಗಳಾಗಿದ್ದವನು ನಾನೇ," ಎಂದ ಹೋಶಿಮ್. "ನಿಮ್ಮ ಯಜಮಾನ್ರು ಅತ್ತಿದ್ರಂತಲ್ಲ, ಬಷೋರತ್ ಹೇಳ್ತಿರ್ತಾಳೆ. ಎಷ್ಟು ಊರಲ್ಲಿ ಎಷ್ಟು ಗಂಡಸರನ್ನ ಅಳಿಸಿದೀನಿ ಅಂತೀರಿ. ಗಡ್ಡ ಬೋಳಿಸಿದವನು ಅತ್ರೆ ಇವರ ಕರುಳು ಕಿತ್ತು ಬರುತ್ತೆ. ಅದೇ ಮಾತನ್ನ ನಿಜವಾದ ಹುಡುಗಿ ಆಡಿದ್ರೆ ಕಲ್ಲು ಹುಡುಕ್ತಾರೆ. ಅವಳು ಬಂದ ಮೇಲೆ ನಾನು ಬಣ್ಣ ಬಿಟ್ಟೆ ತಾಯಿ. ಅವಳ ಮುಂದೆ ನನ್ನದು ಹಸಿ ಸುಳ್ಳು ಅನ್ನಿಸ್ತು."

ಮೂರು ದಿನ ನಾಟಕವಿದೆ, ಹೆಂಗಸರಿಗೆ ಪರದೆಯ ಹಿಂದೆ ಬೆಂಚು ಹಾಕಿದ್ದಾರೆ, ಒಮ್ಮೆ ಬಂದು ಹೋಗಬೇಕು ಎಂಬುದು ಮಗಳ ಕೋರಿಕೆ. ಅವಳು ಮನೆಗೆ ಬರುವ ಹಾಗಿಲ್ಲ. ತಂಡದ ಹುಡುಗಿಯರಿಗೆ ಅದೊಂದು ಕಟ್ಟಪ್ಪಣೆ. ತಾಯಿಗೆ ಸಾಯೋ ಕಾಯಿಲೆ ಎಂದು ಮನೆಯಿಂದ ಕರೆ ಬಂದು ಹೋದ ಇಬ್ಬರು ತಿರುಗಿ ಬಂದಿರಲಿಲ್ಲ. ತಾಯಂದಿರು ಗುಂಡುಕಲ್ಲಿನ ಹಾಗಿದ್ದರಂತೆ.

"ನನ್ನ ವಿಷಯ ಏನಾದ್ರೂ ಹೇಳ್ತಾಳಾ?"

"ಒಂದೇ ಮಾತು. ರಂಗಕ್ಕೆ ಹೋಗೋ ಮುಂಚೆ ಗೋಡೆ ಕಡೆ ತಿರುಗಿ ನಿಂತ್ಕೋತಾಳೆ. ಯಾಕಮ್ಮ ಅಂದ್ರೆ, ಸ್ವಂತ ಅಣ್ಣನ್ನ ಕರೆಯೋ ಹಾಗೆ, 'ಆಯಿ ನಂಗೆ ಹಾಲು ಒಪ್ಪಿಸಿಲ್ಲ ಆಕಾ' ಅಂತಾಳೆ."

ಅನ್ಬರಳ ಎದೆಗೆ ಅದು ನಾಟಿತು. ದೂರ ಹೊರಟ ಮಕ್ಕಳು ತಾಯಿಯ ಮುಂದೆ ತಲೆ ಬಾಗಿ ನಿಲ್ಲಬೇಕು, ತಾಯಿ ಬೆನ್ನು ತಟ್ಟಿ, 'ಕುಡಿಸಿದ ಹಾಲು ನಿನಗೆ ಒಪ್ಪಿಸಿದೆ' ಎನ್ನಬೇಕು. ಆ ಮಾತಿಲ್ಲದೆ ಹೋದವರಿಗೆ ದಾರಿಯೂ ಸುಖವಿಲ್ಲ, ಸಾವೂ ಸುಖವಿಲ್ಲ ಎಂದು ಅಲ್ಲಿ ಕೂಸುಗಳೂ ಬಲ್ಲವು. ಬಷೋರತ್ ಕದ್ದು ಹೋಗಿದ್ದಳು. ಕೇಳುವ ಹಾಗಿರಲಿಲ್ಲ.

ಮರುದಿನ ಮಧ್ಯಾಹ್ನ ಅನ್ಬರ್ ದಾರ ಕೊಳ್ಳುವ ನೆಪದಲ್ಲಿ ಹೋದಳು. ಅದೇ ಗೋದಾಮು, ಈಗ ಕಿಟಕಿ ಇಟ್ಟು ಸುಣ್ಣ ಬಳಿದಿದ್ದರು. ಪರದೆಯ ಹಿಂದಿನ ಬೆಂಚುಗಳಲ್ಲಿ ಹತ್ತಿಪ್ಪತ್ತು ಪರಂಜಿಗಳು ಒತ್ತಿಕೊಂಡು ಕೂತಿದ್ದವು. ಕುದುರೆ ಕೂದಲಿನ ಜಾಲರಿಯೊಳಗಿಂದ, ಅದರ ಮುಂದಿನ ಪರದೆಯ ಸೀಳಿನಿಂದ, ಅವಳು ತನ್ನ ಮಗಳನ್ನು ಮೂರು ವರ್ಷದ ಮೇಲೆ ಕಂಡಳು.

ಬರಿಯ ಮುಖ. ಇನ್ನೂರು ಗಂಡಸರ ಎದುರು ಬರಿಯ ಮುಖ. ಅನ್ಬರಳ ಮೈ ಮೊದಲು ನಾಚಿಕೆಯಿಂದ ಬಿಸಿಯಾಯಿತು. ಆಮೇಲೆ ಬಷೋರತ್ ಮಾತಾಡತೊಡಗಿದಳು. ಮನೆಯಲ್ಲಿ ಯಾರೂ ಪೂರ್ತಿ ಕೇಳಿಸಿಕೊಳ್ಳದಿದ್ದ ಆ ದನಿ ಸೂರಿನವರೆಗೂ ಹೋಯಿತು. ಕೆಳಗಿನಿಂದ ಒಬ್ಬ ಮಣ್ಣಿನ ಹೆಂಟೆ ಎಸೆದ. ಅದು ಅವಳ ಭುಜಕ್ಕೆ ಬಡಿಯಿತು. ಅವಳು ಭುಜ ಒದರಿ ಅದೇ ಸಾಲನ್ನು ಮತ್ತೊಮ್ಮೆ ಹೇಳಿದಳು, ಇನ್ನೂ ನಿಧಾನವಾಗಿ. ಅದೇ ಹಳೆಯ ನಾಟಕದ ಮುದುಕ ಗಂಡನ ಕಡೆಯವರು ಕೈ ಹಿಡಿದೆಳೆಯುವಾಗ "ಆಯೀ" ಎಂದು ತಿರುಗಿದಳು. ಪರದೆಯ ಹಿಂದೆ ಅನ್ಬರ್ ಎದ್ದು ನಿಂತಿದ್ದಳು. ಬಂದೆ ಮಗಳೇ, ಎಂದಳೋ ಇಲ್ಲವೋ ಅವಳಿಗೇ ತಿಳಿಯದು.

ಪಕ್ಕದ ಪರಂಜಿಯೊಳಗಿಂದ ಒಂದು ಸಣ್ಣ ಕೈ ಅವಳ ಮಣಿಕಟ್ಟು ಹಿಡಿದಿತ್ತು. "ಅಮ್ಮಾ," ಎಂದಿತು ಒಳಗಿನ ಎಳೆಯ ದನಿ, "ಹಂಗೆ ಓಡಿ ಹೋದ್ರೆ ಎಲ್ಲಿಗೆ ಹೋಗ್ಬೇಕು? ನನ್ನ ಮದುವೆ ಮುಂದಿನ ತಿಂಗಳು." ಅನ್ಬರ್ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಮನೆಗೆ ಬಂದಾಗ ಜಗಲಿಯ ಮೇಲೆ ಮಿರ್ಸಾಲಿ ಕೂತಿದ್ದ. ಬಿಳಿ ಗಡ್ಡ, ಸೊಂಟದಲ್ಲಿ ತನ್ನದೇ ಕುಲುಮೆಯ ಚಾಕು. ಮುಂದೆ ತಂದೂರ್ ಒಲೆಯ ರೊಟ್ಟಿ ಇತ್ತು, ಮುರಿದಿರಲಿಲ್ಲ. ಸೋಬಿರ್ ಗೋಡೆಗೊರಗಿ ನಿಂತಿದ್ದ.

"ದಾರ ಸಿಕ್ತಾ?" ಎಂದ ಮಿರ್ಸಾಲಿ.

ಅವಳು ಸುಳ್ಳು ಹೇಳಲಿಲ್ಲ. "ಮಗಳನ್ನ ನೋಡಿ ಬಂದೆ ಭಾವ."

ಬಯ್ಗುಳಕ್ಕೆ ಮೈ ಬಿಗಿಹಿಡಿದು ನಿಂತಳು. ಬಯ್ಗುಳ ಬರಲಿಲ್ಲ.

"ಕೂತ್ಕೋ. ತಾಯಿ ಕರುಳು, ನಂಗೆ ಅರ್ಥ ಆಗುತ್ತೆ. ನಾನೇನು ಕಲ್ಲೇ? ಆದ್ರೆ ಈ ಹುಡುಗನ್ನ ನೋಡು. ಇವನಿಗೆ ಹೆಣ್ಣು ಕೊಡೋರಿಲ್ಲ, ಒಂದು ಗುಟುಕು ಚಹಾ ಕೊಡೋರಿಲ್ಲ. ನನ್ನ ಕುಲುಮೆ ಚಾಕು ಅಂದ್ರೆ ನಗ್ತಾರೆ. ಹಗಲು ಹೊತ್ತಲ್ಲಿ, ಇಡೀ ಊರಿನ ಮುಂದೆ, ನಮ್ಮ ಮನೆ ಮಗಳು..."

"ಅವಳು ತಪ್ಪು ಮಾತೇನೂ ಆಡಲಿಲ್ಲ ಭಾವ. ಹುಡುಗೀರನ್ನ ಮಾರಬೇಡಿ ಅಂದ್ಲು. ಅದೇ ನಾಟಕ ನೋಡಿ ನೀವೂ ಅತ್ತಿದ್ರಿ."

"ಅದು ಗಂಡಸು ಕಣಮ್ಮ. ಆಟ ಅದು."

"ಇದೂ ಆಟಾನೇ ಅಲ್ವಾ?"

"ಹೆಣ್ಣು ಆಡಿದ್ರೆ ಆಟ ಅಲ್ಲ."

"ಮುಖ ತೆರೆದವಳನ್ನ ಕಲ್ಲಲ್ಲಿ ಹೊಡೀರಿ ಅಂತ ದೇವರ ಕಿತಾಬಲ್ಲಿ ಎಲ್ಲಿದೆ ಭಾವ? ಈ ಮಕ್ಕಳ ಅಪ್ಪ ಓದಿದವರು. ಅವರು ಒಂದಿನಾನೂ ಹಂಗೆ ಹೇಳ್ಲಿಲ್ಲ."

"ಕಿತಾಬು ನಿಂಗ್ಯಾಕೆ. ಕೇಳು ಇಲ್ಲಿ. ಜಗಳ ಬೇಡ. ಅವಳನ್ನ ಒಂದು ಸಲ ಮನೆಗೆ ಕರಿ. ಅಣ್ಣನ ಜೊತೆ ಒಂದು ಹೊತ್ತು ಕೂತು ಉಣ್ಣಲಿ. ನೀನು ಹಾಲು ಒಪ್ಪಿಸು. ಆಮೇಲೆ ನಾನೇ ಚಹಾದಂಗಡೀಲಿ ನಿಂತು ಹೇಳ್ತೀನಿ, ತಾಯಿ ಒಪ್ಪಿದಾಳೆ, ನೀವ್ಯಾರಯ್ಯಾ ಕೇಳೋಕೆ ಅಂತ. ಊರಿನ ಬಾಯಿ ಮುಚ್ಚುತ್ತೆ. ಅವಳ ದಾರಿ ಅವಳಿಗೆ."

ಅನ್ಬರ್ ಅವನ ಮುಖವನ್ನೇ ನೋಡಿದಳು. ಇಪ್ಪತ್ತೈದು ವರ್ಷದಲ್ಲಿ ಅವನು ಅವಳೊಡನೆ ಇಷ್ಟು ಮಾತಾಡಿರಲಿಲ್ಲ.

"ಯಾರೂ ಅವಳ ಮೈ ಮುಟ್ಟಬಾರದು."

ಮಿರ್ಸಾಲಿ ರೊಟ್ಟಿಯ ಮೇಲೆ ಅಂಗೈ ಇಟ್ಟ. "ಈ ಅನ್ನದಾಣೆ. ಈ ಮನೇಲಿ ಅವಳ ಕೂದಲೂ ಕೊಂಕಲ್ಲ." ರೊಟ್ಟಿಯನ್ನು ಎತ್ತಿ ಹಣೆಗೊತ್ತಿಕೊಂಡ. ರೊಟ್ಟಿಯ ಮೇಲೆ ಆಣೆಯಿಟ್ಟು ಮುರಿದವನನ್ನು ಅನ್ಬರ್ ತನ್ನ ಆಯುಸ್ಸಿನಲ್ಲಿ ಕಂಡಿರಲಿಲ್ಲ. ನೆಲಕ್ಕೆ ಬಿದ್ದ ಚೂರನ್ನೂ ಮುತ್ತಿಟ್ಟು ಎತ್ತರದಲ್ಲಿಡುವ ಜನ ಅದು.

ಸೋಬಿರ್ ನೆಲ ನೋಡುತ್ತ ನಿಂತಿದ್ದ. ಹುಡುಗ ನಾಚಿಕೊಂಡಿದ್ದಾನೆ ಎಂದು ತಾಯಿ ತಿಳಿದಳು.

ಮಗಳಿಗೆ ಏನು ಹೇಳಲೆಂದು ಕೇಳಲು ಮರುದಿನ ಮತ್ತೆ ಪರಂಜಿ ಹೊದ್ದು ಬಂದ ಹೋಶಿಮ್, ಮನೆಗೇ ಕರೆಯುತ್ತೇನೆಂದು ಅನ್ಬರ್ ಹೇಳಿದ್ದಕ್ಕೆ ಎರಡೂ ಕೈ ಆಡಿಸಿದ. "ಬೇಡ ತಾಯಿ. ಕೈ ಮುಗೀತೀನಿ. ನಾಳಿದ್ದು ನಾವೇ ಹೊರಡ್ತೀವಿ. ಹೋಗೋ ಹೊತ್ತಲ್ಲಿ ರಸ್ತೆ ಮೇಲೆ ಬನ್ನಿ, ಗಾಡಿ ಹತ್ರ ನಿಂತು ಒಪ್ಪಿಸಿ."

"ಬೀದೀಲಿ ನಿಂತು ಒಪ್ಪಿಸೋ ಮಾತಾ ಅದು? ನಾನು ಕಾಯಿಲೆ ಅಂತ ಸುಳ್ಳು ಹೇಳ್ತಿಲ್ಲವಲ್ಲ ಆಕಾ. ನಾನೇ ಕರೀತಿದೀನಿ. ನನ್ನ ಬಾಯಿಂದ."

"ನಿಮ್ಮ ಬಾಯಿ ಮೇಲೆ ನಂಗೆ ನಂಬಿಕೆ ಇದೆ. ನಿಮ್ಮ ಮನೆ ಮೇಲೆ ಇಲ್ಲ."

"ರೊಟ್ಟಿ ಮೇಲೆ ಆಣೆ ಇಟ್ಟಿದಾರೆ."

ಹೋಶಿಮ್ ಆಡಿಸುತ್ತಿದ್ದ ಕೈ ಇಳಿಸಿದ. ಅವನೂ ಅದೇ ನೆಲದವನು. ರೊಟ್ಟಿಯ ಆಣೆ ಅವನಿಗೂ ಆಣೆಯೇ.

"ಇಷ್ಟು ಹೇಳಿ ಅವಳಿಗೆ. ಆಯಿ ಹಾಲು ಒಪ್ಪಿಸ್ತಾಳಂತೆ ಬಾ, ಅಂತ."

ಓದುವವರು ಅನ್ಬರಳನ್ನು ಮೂರ್ಖಳೆನ್ನಬಹುದು. ಅವಳು ಮೂರ್ಖಳಲ್ಲ. ಹುಟ್ಟಿದಂದಿನಿಂದ ನಾಲ್ಕು ಮಣ್ಣಿನ ಗೋಡೆಯೊಳಗೆ ಇಟ್ಟು, ಗೋಡೆಯ ಹೊರಗೆ ಗಂಡಸರು ಏನು ಮಾತಾಡುತ್ತಾರೆಂದು ಕೇಳಗೊಡದೆ, ರೊಟ್ಟಿ, ಹಾಲು, ಆಣೆ ಎಂಬ ಮೂರೇ ಮಾತು ಕಲಿಸಿ, ಆ ಮೂರನ್ನೂ ಹಿಡಿದೇ ಅವಳ ಕತ್ತು ಹಿಚುಕಿದರು.

ಬಷೋರತ್ ಬೆಳಗಿನ ಚಹಾದ ಹೊತ್ತಿಗೆ ಬಂದಳು. ಪರಂಜಿ ಹೊದ್ದು ಬಂದಿದ್ದಳು. ಒಳಂಗಳದ ಬಾಗಿಲು ಹಾಕಿಕೊಂಡ ಮೇಲೆ ಅದನ್ನು ಕಿತ್ತು ಮರದ ಕೊಂಬೆಗೆ ಎಸೆದಳು.

"ನಿಂಗೋಸ್ಕರ ಹಾಕ್ಕೊಂಡೆ ಆಯಿ. ಕೇರಿಯೋರು ನಿನ್ನ ಬಾಗಿಲ ಮುಂದೆ ಗುಂಪು ಕೂಡಬಾರದು ಅಂತ. ಉಸಿರು ಕಟ್ಟಿಹೋಯ್ತು. ಇದರೊಳಗೆ ಹೆಂಗೆ ಇದ್ದೆ ನಾನು?"

ಅನ್ಬರ್ ಅವಳನ್ನು ತಬ್ಬಿ, ಹಣೆ ಮೂಸಿ, ತೋಳು ಹಿಂಡಿ ನೋಡಿದಳು. ಭುಜದ ಮೇಲೆ ಹೆಂಟೆ ಬಿದ್ದ ಕಡೆ ನೀಲಿಗಟ್ಟಿತ್ತು.

"ನೋವಿದೆಯಾ?"

"ಇಲ್ಲ. ಇನ್ನೊಂದು ಊರಲ್ಲಿ ಕುಂಬಳಕಾಯಿ ಎಸೆದ್ರು. ಹೋಶಿಮ್ ಆಕಾ ಅದನ್ನೇ ಸಾರು ಮಾಡಿಸಿದ."

ಇಬ್ಬರೂ ನಕ್ಕರು. ಆ ಅಂಗಳದಲ್ಲಿ ನಗು ಕೇಳಿ ಮೂರು ವರ್ಷವಾಗಿತ್ತು. ಅನ್ಬರ್ ಮಗಳನ್ನು ಮುಂದೆ ಕೂರಿಸಿಕೊಂಡು ಬಾಚಣಿಗೆ ತೆಗೆದಳು. ಗಿಡ್ಡ ಕೂದಲು ಬೆರಳಿಂದ ಜಾರುತ್ತಿತ್ತು, ಆದರೂ ಹೆಣೆಯತೊಡಗಿದಳು.

"ಮೊನ್ನೆ ಪರದೆ ಹಿಂದೆ ಎದ್ದು ನಿಂತಿದ್ದು ನೀನೇ ಅಲ್ವಾ? ನಂಗೆ ಗೊತ್ತಾಯ್ತು. ಅವತ್ತು ನಿಜವಾಗಿ ಅತ್ತೆ ನಾನು. ಮಾತು ಮರೆತೇಹೋಗ್ತಿತ್ತು."

"ಚೆನ್ನಾಗಿ ಮಾತಾಡಿದೆ ಕಣೇ."

"ಆಯಿ." ಬಷೋರತ್ ತಿರುಗಿ ಮಂಡಿಯೂರಿ, ತಲೆ ಬಾಗಿಸಿದಳು. ಕೇಳಲಿಲ್ಲ. ಸುಮ್ಮನೆ ಕಾದಳು.

ಅನ್ಬರ್ ಅವಳ ಬೆನ್ನು ಮೂರು ಸಲ ತಟ್ಟಿದಳು. "ಕುಡಿಸಿದ ಹಾಲು ಒಪ್ಪಿಸಿದೆ ಮಗಳೇ. ಮನಸಾರ ಒಪ್ಪಿಸಿದೆ. ಹೋದ ಕಡೆ ಸುಖವಾಗಿರು."

ಬಷೋರತ್ ಆ ಅಂಗೈಯನ್ನು ಹಿಡಿದು ಕಣ್ಣಿಗೊತ್ತಿಕೊಂಡಳು.

ಹೊರಗಿನ ಕೋಣೆಯಿಂದ ಮಿರ್ಸಾಲಿಯ ದನಿ ಬಂತು. ಹಿತವಾದ ದನಿ. "ಬಾ ಮಗಳೇ. ನಿಮ್ಮಣ್ಣ ಒಳಗೆ ಬರೋಕೆ ನಾಚ್ಕೋತಿದಾನೆ. ನೀನೇ ಬಂದು ಮಾತಾಡ್ಸು."

"ಬಂದೆ ದೊಡ್ಡಪ್ಪ." ಅರ್ಧ ಹೆಣೆದ ಜಡೆಯಲ್ಲೇ ಎದ್ದಳು. ಹೋಗುತ್ತ ತಿರುಗಿ, "ಹಿಪ್ಪುನೇರಳೆ ತಿನ್ನಬೇಕು ನಾನು, ಒಂದು ಬಟ್ಟಲು ಆರಿಸಿಡು," ಎಂದಳು.

ಅನ್ಬರ್ ಬಟ್ಟಲು ಹಿಡಿದು ಮರದ ಕೆಳಗೆ ಬಗ್ಗಿದ್ದಳು. ಮೊದಲು ಏನೋ ಮೂಟೆ ಬಿದ್ದ ಹಾಗೆ ಕೇಳಿಸಿತು. ಆಮೇಲೆ ಬಷೋರತ್‌ಳ ದನಿ, "ಅಣ್ಣಾ, ತಡಿ." ಚಿಕ್ಕಂದಿನಲ್ಲಿ ಅವನು ಹೆಗಲ ಮೇಲೆ ಕೂರಿಸಿಕೊಂಡು ಓಡುವಾಗ ಹೇಳುತ್ತಿದ್ದಳಲ್ಲ, ಹಾಗೇ. ಇನ್ನೊಮ್ಮೆ ಹೇಳಲಿಲ್ಲ.

ಬಾಗಿಲಲ್ಲಿ ಸೋಬಿರ್ ಚಾಕುವನ್ನು ಹೇಗೆ ಹಿಡಿಯಬೇಕೆಂದು ತಿಳಿಯದವನಂತೆ ಹಿಡಿದು ನಿಂತಿದ್ದ. ಇಪ್ಪತ್ತೆರಡರಲ್ಲಿ ಹತ್ತು ವರ್ಷ ಚಾಕು ಮಾಡಿದವನು. "ಚಹಾದಂಗಡೀಲಿ ಏಳು ಜನ ಕೂತಿದ್ರು ಆಯಿ," ಎಂದ. "ಕಿತಾಬು ನನ್ನ ಕೈ ಮೇಲೆ ಇಟ್ಟು ಆಣೆ ಮಾಡಿಸಿದ್ರು. ನಿನ್ನೆಯಿಂದ ನಂಗೆ ಬಟ್ಟಲು ಕೊಡ್ತಿದಾರೆ. ನಂಗೇ ಮೊದಲು ಕೊಡ್ತಾರೆ." ಅವನು ಏಳೂ ಹೆಸರು ಹೇಳಿದ, ಕೇಳದೆಯೇ, ಪಾಠ ಒಪ್ಪಿಸುವ ಹುಡುಗನ ಹಾಗೆ. ಮೊದಲ ಹೆಸರು ದೊಡ್ಡಪ್ಪನದು. ಕೊನೆಯದು ಮಸೀದಿಯ ಮುಲ್ಲಾನದು.

"ರೊಟ್ಟಿ ಮೇಲೆ ಕೈ ಇಟ್ಟಿದ್ರಿ ಭಾವ," ಎಂದಳು ಅನ್ಬರ್.

"ಹೆಂಗಸಿನ ಮುಂದೆ ಇಟ್ಟ ಕೈ ಅದು," ಎಂದ ಮಿರ್ಸಾಲಿ. "ಅದಕ್ಕೆ ಲೆಕ್ಕವಿಲ್ಲ."

ಹೆಣ ತೊಳೆಯುವ ಹೆಂಗಸು ಬರಲಿಲ್ಲ. ಬರುತ್ತೇನೆಂದವಳನ್ನು ಅವಳ ಗಂಡ ಒಳಗೆ ಹಾಕಿ ಅಗುಳಿ ಜಡಿದ. ಅನ್ಬರ್ ಒಬ್ಬಳೇ ನೀರು ಸೇದಿ, ಒಬ್ಬಳೇ ಮಗ್ಗುಲು ತಿರುಗಿಸಿ ತೊಳೆದಳು. ಐದು ಗಾಯ. ಅರ್ಧ ಹೆಣೆದ ಜಡೆಯನ್ನು ಬಿಚ್ಚಿ ಮತ್ತೆ ಮೊದಲಿಂದ ಹೆಣೆದಳು. ಮುಲ್ಲಾ ಜನಾಜಾದ ಪ್ರಾರ್ಥನೆ ಓದುವುದಿಲ್ಲವೆಂದು ಹೇಳಿ ಕಳಿಸಿದ. ತಂಡದವರು ಮೂವರು ಬಂದರು. ಹೋಶಿಮ್ ಗಂಡಸಿನ ಬಟ್ಟೆಯಲ್ಲಿ ಬಂದಿದ್ದ. ಆ ಬಟ್ಟೆಯಲ್ಲಿ ಅವನು ಮುದುಕನಾಗಿ ಕಂಡ. ಅವನು ಅನ್ಬರಳ ಕಡೆ ನೋಡಲಿಲ್ಲ. ಅವಳೂ ನೋಡಲಿಲ್ಲ. ಕರೆದವಳು ಅವಳು, ಮಾತು ಒಯ್ದವನು ಅವನು.

ಹೆಣ ಹೊಸ್ತಿಲು ದಾಟುವಾಗ ನೆರೆದವರನ್ನು ಕೇಳುವ ಪದ್ಧತಿ ಇದೆ. ಕೇಳುವ ಮುಲ್ಲಾ ಇಲ್ಲದೆ ಹೋಶಿಮನೇ ಕೇಳಿದ. "ಈಕೆ ಎಂಥವಳಾಗಿದ್ದಳು?"

ಬೀದಿಯ ಎರಡೂ ಕಡೆ ಗಂಡಸರು ಗೋಡೆಗೆ ಒರಗಿ ನಿಂತಿದ್ದರು. ಅವರಲ್ಲಿ ಒಬ್ಬನೂ ಬಾಯಿ ತೆರೆಯಲಿಲ್ಲ. ಹಣವಿಲ್ಲದೆ ಸತ್ತ ಕುಡುಕನಿಗೂ, ಹೆಂಡತಿಯನ್ನು ಬಡಿದು ಕೊಂದವನಿಗೂ 'ಒಳ್ಳೆಯವನು, ಒಳ್ಳೆಯವನು' ಎಂದು ಕೂಗಿ ಕಳಿಸಿದ ಗಂಟಲುಗಳು ಅವು.

"ಒಳ್ಳೆಯವಳು," ಎಂದಳು ಅನ್ಬರ್. ಆಚೆ ಮನೆಯ ಗೋಡೆಯ ಹಿಂದಿನಿಂದ ಇನ್ನೊಂದು ಹೆಣ್ಣು ದನಿ ಅದನ್ನೇ ಹೇಳಿ, ಯಾರೋ ಬಾಯಿ ಮುಚ್ಚಿದಂತೆ ನಡುವೆಯೇ ನಿಂತಿತು.

ಮೂರನೆಯ ದಿನ ನಮಂಗಾನ್‌ನಿಂದ ತನಿಖೆಯ ಅಧಿಕಾರಿ ಬರುತ್ತಾನೆಂದು ತಿಳಿದು ಮಿರ್ಸಾಲಿ ಬೆಳಿಗ್ಗೆಯೇ ಬಂದು ಕೂತ. ಸೋಬಿರ್‌ನನ್ನು ಆಗಲೇ ಠಾಣೆಗೆ ಒಯ್ದಿದ್ದರು.

"ಆದದ್ದು ಆಯ್ತು. ಅತ್ತು ಪ್ರಯೋಜನ ಇಲ್ಲ. ಒಂದು ಮಗು ಮಣ್ಣಿಗೆ ಹೋಯ್ತು, ಇನ್ನೊಂದನ್ನ ಉಳಿಸ್ಕೋ. ಹುಡುಗಿ ಬಂದು ಅಣ್ಣನಿಗೆ ಕೆಟ್ಟ ಮಾತಾಡಿದ್ಲು, ಅವನ ತಲೆ ಕೆಟ್ಟು ಕೈ ಮಾಡ್ದ ಅಂತ ಹೇಳು. ತಾಯಿ ನಾನು, ಕ್ಷಮಿಸಿದೀನಿ ಅನ್ನು. ಐದಾರು ವರ್ಷಕ್ಕೆ ಬಂದುಬಿಡ್ತಾನೆ. ಮೊದಲೇ ಕೂತು ಮಾತಾಡಿ ಮಾಡಿದ್ದು ಅಂತ ಏನಾದ್ರೂ ಬಾಯಿಬಿಟ್ರೆ, ಗುಂಡಿಟ್ಟು ಕೊಲ್ತಾರೆ ಅವನನ್ನ. ನೀನೇ ಕೊಂದಂಗೆ. ಕೇಳಿಸ್ತಾ?"

"ಕೇಳಿಸ್ತು ಭಾವ."

"ಪರಂಜಿ ಹೊದ್ದು ಕೂತ್ಕೋ. ಪರಗಂಡಸು ಬರ್ತಾನೆ."

ಅಧಿಕಾರಿ ಮೂವತ್ತರ ಆಸುಪಾಸಿನವನು. ಹೊರಗಿನ ಕೋಣೆಯಲ್ಲಿ ಚಾಪೆಯ ಮೇಲೆ ಕೂತು ಕಾಗದ, ಮಸಿ ಇಟ್ಟುಕೊಂಡ. ಬಾಗಿಲ ಹೊರಗೆ ಮಿರ್ಸಾಲಿ, ಕ್ಷೌರದವನು, ಇನ್ನೂ ಕೆಲವರು ನಿಂತಿದ್ದರು. ಅಧಿಕಾರಿ ಕೇಳಿದ, "ಏನು ನಡೀತು ಹೇಳಿ ತಾಯಿ. ನೀವು ಕಂಡಷ್ಟು ಹೇಳಿ."

ಪರಂಜಿಯೊಳಗೆ ಅನ್ಬರಳಿಗೆ ಸೋಬಿರ್ ಕಂಡ. ಬಟ್ಟಲು ತನ್ನನ್ನು ದಾಟಿ ಹೋಗುವಾಗ ನಗುತ್ತ ಕೂತ ಸೋಬಿರ್. ಅವನಿಗೂ ಅದೇ ಎದೆಯ ಹಾಲು. ಎಷ್ಟು ಹೊತ್ತಾಯಿತೋ. ಅಧಿಕಾರಿ ಲೇಖನಿಯನ್ನು ಕೆಳಗಿಟ್ಟ. ಹೊರಗೆ ಯಾರೋ ಸಮಾಧಾನದಿಂದ ಗಂಟಲು ಸರಿಮಾಡಿಕೊಂಡರು.

ಅನ್ಬರ್ ಮುಖದ ಜಾಲರಿಯನ್ನು ತಲೆಯ ಹಿಂದಕ್ಕೆ ಎಸೆದಳು. ಹೊರಗಿದ್ದವರಲ್ಲಿ ಇಬ್ಬರು ತಟ್ಟನೆ ಮುಖ ತಿರುಗಿಸಿದರು.

"ಬರ್ಕೊಳ್ಳಿ," ಎಂದಳು. "ನನ್ನ ಮಗ ಕೊಂದ. ಐದು ಸಲ ಚುಚ್ಚಿದ. ಅವನ ಕೈಗೆ ಚಾಕು ಕೊಟ್ಟವರ ಹೆಸರು ಹೇಳ್ತೀನಿ, ಒಂದೊಂದಾಗಿ ಬರ್ಕೊಳ್ಳಿ. ನಿಧಾನ ಹೇಳ್ತೀನಿ."

ಅವಳು ಹೇಳಿದಳು. ಮಿರ್ಸಾಲಿ. ಚಹಾದಂಗಡಿಯವನು. ಕ್ಷೌರದವನು. ಧಾನ್ಯದ ವ್ಯಾಪಾರಿ. ಅವನ ತಮ್ಮ. ಪ್ರತಿ ಹೆಸರಿಗೂ ಅವರಪ್ಪನ ಹೆಸರು, ಮನೆ ಇರುವ ಓಣಿ ಸೇರಿಸಿ ಹೇಳಿದಳು. ಹೊರಗಿನಿಂದ "ಹುಚ್ಚಿ ಅವಳು, ಬರ್ಕೋಬೇಡಿ," ಎಂಬ ದನಿ ಬಂತು. ಅವಳು ಆ ದನಿಯವನ ಹೆಸರನ್ನೂ ಹೇಳಿದಳು. ಅವನು ಆರನೆಯವನು. ಮುಲ್ಲಾನೊಂದಿಗೆ ಏಳಾಯಿತು.

ಅಧಿಕಾರಿ ಬರೆದು ಮುಗಿಸಿ ಮಸಿ ಆರಲೆಂದು ಊದಿದ. "ಇವರೆಲ್ಲ ಸೇರಿ ಮಾಡಿದ್ದು ಅಂತಾದ್ರೆ ನಿಮ್ಮ ಮಗನಿಗೆ ಏನಾಗುತ್ತೆ ಅಂತ ಗೊತ್ತಲ್ಲ ತಾಯಿ?"

"ಗೊತ್ತು."

"ಇನ್ನೇನಾದ್ರೂ ಇದೆಯಾ?"

"ಇನ್ನೊಂದು ಹೆಸರು ಬಿಟ್ಟಿದೀರಿ. ಅನ್ಬರ್. ಕಾಯಿಲೆ ಅಂತ ಕರೆದ್ರೆ ಅವಳು ಬರ್ತಿರಲಿಲ್ಲ. ಇವರು ಏಳೂ ಜನ ಸೇರಿ ಕರೆದ್ರೂ ಬರ್ತಿರಲಿಲ್ಲ. ನಾನು ಕರೆದೆ."

"ನೀವು ಸಾಕ್ಷಿ ತಾಯಿ. ನಿಮ್ಮ ಹೆಸರು ಆ ಪಟ್ಟಿಗೆ ಬರಲ್ಲ."

ಅವನು ಕಾಗದ ಮಡಿಸಲು ಹೋದ. ಅನ್ಬರ್ ಮುಂದಕ್ಕೆ ಬಾಗಿ, ಹೆಬ್ಬೆರಳನ್ನು ಮಸಿಯಲ್ಲದ್ದಿ, ಏಳು ಹೆಸರುಗಳ ಕೆಳಗೆ, ಎಂಟನೆಯ ಸಾಲು ಬರಬೇಕಾದ ಜಾಗದಲ್ಲಿ ಒತ್ತಿದಳು. ಅಳಿಸದ ಹಾಗೆ ಇನ್ನೊಮ್ಮೆ ಒತ್ತಿದಳು.